ಒಂಚೂರು ಆ ಕಡೆ ಸರೀರಿ

ಫೋಟೋ ತೆಗೆಯುವವನು ‘ಒಂಚೂರು ಆ ಕಡೆ ಸರೀರಿ’ ಅಂದರೆ ಎಂಥ ದೊಡ್ಡ ಮನುಷ್ಯನೂ ಮರುಮಾತಾಡದೆ ಸರಿಯುತ್ತಾನೆ. ಅದೇ ಮಾತನ್ನು ಪೆನ್ಸಿಲ್ ಹಿಡಿದವನು ಅಂದರೆ ಜನ ಹೊಡೆಯಲು ಬರುತ್ತಾರೆ. ಇದು ನಾನು ಪುಸ್ತಕದಲ್ಲಿ ಓದಿದ್ದಲ್ಲ. ದಾವಣಗೆರೆಯ ಬೀದಿಗಳಲ್ಲಿ, ಹರಿಹರದ ಹೊಳೆದಂಡೆಯಲ್ಲಿ ಒಬ್ಬ ಮಹಾನುಭಾವನ ಹಿಂದೆ ಡ್ರಾಯಿಂಗ್ ಬೋರ್ಡು ಹೊತ್ತು ಓಡಾಡಿ, ಅವನ ಪಾಲಿನ ಬೈಗುಳದಲ್ಲಿ ಅರ್ಧ ನಾನೂ ತಿಂದು ಕಲಿತದ್ದು.

ಆ ಮಹಾನುಭಾವ ಹೋದ ತಿಂಗಳು ಹರಿಹರದಲ್ಲಿ ತೀರಿಕೊಂಡ. ವಯಸ್ಸಾಗಿತ್ತು. ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಇಂಥ ಸಾವು ನನಗೂ ಬರಲಪ್ಪ ಅಂದುಕೊಂಡೆ, ಆಮೇಲೆ ಒಬ್ಬನೇ ಕೂತು ಚೆನ್ನಾಗಿ ಅತ್ತೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನೇ ತನ್ನ ಯಾವ ಚಿತ್ರಕ್ಕೂ ಹೆಸರು ಹಾಕಿದವನಲ್ಲ. ‘ಮೂಲ್ಯಾಗೆ ಹೆಸ್ರು ಬರದ್ರೆ ಆ ಮೂಲೆ ಭಾರ ಆಗ್ತೈತೆ ಕಣ್ಲೇ’ ಅನ್ನುತ್ತಿದ್ದ. ಹಾಗಾಗಿ ನಾವು ಸಹಪಾಠಿಗಳು ಇಟ್ಟಿದ್ದ ಅಡ್ಡಹೆಸರನ್ನೇ ಬಳಸುತ್ತೇನೆ. ನಾವೆಲ್ಲ ಅವನನ್ನು ‘ಸರೀರಿ’ ಅಂತಲೇ ಕರೆಯುತ್ತಿದ್ದದ್ದು.

ಅರವತ್ತರ ದಶಕದ ಆರಂಭ. ದಾವಣಗೆರೆಯಲ್ಲಿ ಹೊಸದಾಗಿ ಒಂದು ಚಿತ್ರಕಲಾ ಶಾಲೆ ಶುರುವಾಗಿತ್ತು. ಶಾಲೆ ಅಂದ ಕೂಡಲೇ ನೀವು ದೊಡ್ಡದೇನನ್ನೂ ಊಹಿಸಿಕೊಳ್ಳಬೇಡಿ. ಅದೊಂದು ಹಳೆಯ ಹತ್ತಿ ಗೋದಾಮು. ಹತ್ತಿ ಖಾಲಿಯಾಗಿದ್ದರೂ ಅದರ ಎಳೆ ಮಾತ್ರ ಮಾಡಿನ ತೊಲೆಗಳಿಂದ ಇಳಿಯುತ್ತಲೇ ಇತ್ತು. ನಾವು ನೀಲಿ ಬಳಿದು ಒಣಗಲಿಟ್ಟರೆ ಸಾಕು, ಆಕಾಶದಲ್ಲಿ ಮೋಡ ತಾನಾಗಿಯೇ ಬಂದು ಕೂರುತ್ತಿತ್ತು. ನಾನು ಚೌಕಿಪೇಟೆಯ ಬಟ್ಟೆ ಅಂಗಡಿಯವರ ಮಗ. ಗಜಕಡ್ಡಿ ಹಿಡಿದು ಬಟ್ಟೆ ಅಳೆಯಲು ಬಾರದ ನನ್ನನ್ನು ಅಪ್ಪ, ‘ಹೋಗ್ಲಿ ಬಿಡು, ಅಂಗ್ಡಿ ಬೋರ್ಡಾದ್ರೂ ಬರೀತಾನೆ’ ಅಂತ ಅಲ್ಲಿಗೆ ಸೇರಿಸಿದ್ದರು.

ನಮ್ಮ ಸರೀರಿ ಕೊಕ್ಕನೂರಿನ ಒಕ್ಕಲು ಮನೆಯ ಹುಡುಗ. ಬೆಳಿಗ್ಗೆ ಎಮ್ಮೆ ಹಾಲು ಕರೆದಿಟ್ಟು ಹರಿಹರಕ್ಕೆ ಬಂದು, ಅಲ್ಲಿಂದ ಪ್ಯಾಸೆಂಜರ್ ರೈಲು ಹತ್ತಿ ಬರುತ್ತಿದ್ದ. ಬಗಲಲ್ಲಿ ಜೋಳದ ರೊಟ್ಟಿಯ ಗಂಟು, ಅದರ ಜೊತೆಗೇ ಸುತ್ತಿಟ್ಟ ಡ್ರಾಯಿಂಗ್ ಕಾಗದ. ಹಾಗಾಗಿ ಅವನ ಚಿತ್ರಗಳಿಗೆಲ್ಲ ಶೇಂಗಾ ಚಟ್ನಿಯ ವಾಸನೆ ಇರುತ್ತಿತ್ತು. ಅವನ ಕೈಗಳು ವಿಪರೀತ ದೊಡ್ಡವು, ಪೆನ್ಸಿಲು ಆ ಬೆರಳುಗಳ ನಡುವೆ ಎಲ್ಲೋ ಕಳೆದುಹೋಗುತ್ತಿತ್ತು. ಕಾಗದದ ಮೇಲೆ ಗೆರೆ ಮೂಡುತ್ತಿದ್ದದ್ದು ಮಾತ್ರ ನಮಗೆ ಕಾಣುತ್ತಿತ್ತು. ಎಂಥ ಗೆರೆ ಅಂತೀರಿ! ಒಂದು ಎತ್ತು ಬರೆದರೆ ಅದರ ಮೈಮೇಲೆ ನೊಣ ಕೂತಿದೆ ಅನ್ನುವುದು ನೊಣ ಬರೆಯದಿದ್ದರೂ ಗೊತ್ತಾಗುತ್ತಿತ್ತು.

ನಮ್ಮ ಮೇಷ್ಟ್ರು ಮೈಸೂರು ಕಡೆಯವರು. ಬೇಸಿಗೆಯಲ್ಲೂ ಕೋಟು ಬಿಚ್ಚಿದವರಲ್ಲ. ಅವರ ಪಾಠ ಶುರುವಾಗುತ್ತಿದ್ದದ್ದೂ ಮುಗಿಯುತ್ತಿದ್ದದ್ದೂ ಒಂದೇ ಮಾತಿನಿಂದ. ‘ಮೊದಲು ಕಲ್ಪನೆ, ಆಮೇಲೆ ಜೋಡಣೆ. ಏನು ಹೇಳ್ತೀಯ ಅನ್ನೋದು ತಲೇಲಿರಬೇಕು, ಹ್ಯಾಗೆ ಕೂರಿಸ್ತೀಯ ಅನ್ನೋದು ಕಾಗದದ ಮೇಲಿರಬೇಕು.’ ನನ್ನ ತಲೆಯಲ್ಲಿ ಕಲ್ಪನೆಗೆ ಬರವಿರಲಿಲ್ಲ. ‘ನಮ್ಮ ನಾಡು’ ಅಂತ ವಿಷಯ ಕೊಟ್ಟರೆ ಸಿಂಹದ ಮೇಲೆ ಕೂತ ತಾಯಿ, ಅವಳ ಹಿಂದೆ ಸೂರ್ಯ, ಎಡಕ್ಕೆ ಅಣೆಕಟ್ಟು, ಬಲಕ್ಕೆ ಹತ್ತಿಮಿಲ್ಲಿನ ಚಿಮಣಿ, ಕೆಳಗೆ ತೆನೆ ಹಿಡಿದ ರೈತ, ಉಳಿದ ಜಾಗದಲ್ಲಿ ಆನೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, ‘ಏನಯ್ಯಾ, ನಿಮ್ಮಪ್ಪನ ಅಂಗಡಿ ದಾಸ್ತಾನು ಪೂರ್ತಿ ತಂದು ಸುರಿದಿದೀಯಲ್ಲ. ನೋಡೋರು ಎಲ್ಲಿ ನಿಂತ್ಕೋಬೇಕು?’ ಅಂದರು.

ಅವನ ಕಾಗದದ ಮೇಲೆ ಒಂದು ಕಲ್ಲಿನ ಬಾನಿ, ನೀರು ಕುಡಿಯುವ ಒಂದು ಎತ್ತು, ಅಷ್ಟೇ ಇತ್ತು.

‘ಚೆನ್ನಾಗಿದೆ. ಆದರೆ ಇದರ ಹಿಂದಿರೋ ಕಲ್ಪನೆ ಏನು?’ ಮೇಷ್ಟ್ರು ಕೇಳಿದರು.

‘ನೀರು ಕುಡೀತೈತ್ರಿ ಸರ್.’

‘ಅದು ಕಾಣುತ್ತೆ. ನಾಡಿಗೂ ಇದಕ್ಕೂ ಏನು ಸಂಬಂಧ?’

‘ನಮ್ಮ ನಾಡಿಂದೇ ಎತ್ತು ಸರ್. ನಮ್ಮ ಮನೇದು.’

ಹೀಗಿದ್ದ ಮನುಷ್ಯ. ಕಣ್ಣಾರೆ ನೋಡಿದ್ದನ್ನು ಬಿಟ್ಟು ಒಂದು ಗೆರೆ ಹೆಚ್ಚಿಗೆ ಎಳೆಯುತ್ತಿರಲಿಲ್ಲ. ‘ನೋಡಿದ್ದು ಬರೀತೀನಿ. ನೋಡ್ಲಾರದ್ದು ಹೆಂಗೆ ಬರೀಲಿ? ಸುಳ್ಳು ಆಗಲ್ಲೇನು?’ ಅನ್ನುವುದು ಅವನ ವಾದ. ಸರಿ, ಜೋಡಣೆಯ ಪಾಠವಾದರೂ ತಲೆಗೆ ಹೋಯಿತಲ್ಲ ಅಂದರೆ, ಅದು ಹೋದ ರೀತಿಯೇ ಬೇರೆ. ಬೇಡದ್ದನ್ನು ಪಕ್ಕಕ್ಕೆ ಸರಿಸಿ ಬೇಕಾದ್ದನ್ನು ಮುಂದೆ ತನ್ನಿ ಅಂತ ಮೇಷ್ಟ್ರು ಹೇಳಿದ್ದು ಕಾಗದದ ಮಾತು. ಇವನು ಅದನ್ನು ಲೋಕದ ಮಾತು ಅಂತ ತಿಳಿದ. ಲೋಕವನ್ನೇ ಸರಿಸಲು ಹೊರಟ.

ಮೊದಲ ಬಲಿ ನಮ್ಮ ಮಂಡಕ್ಕಿ ಅಂಗಡಿಯವರು. ಸಾಯಂಕಾಲ ಬಿಸಿ ಬಿಸಿ ಮಿರ್ಚಿ ಕರಿಯುತ್ತಿದ್ದ ಆ ಯಜಮಾನರ ಎದುರು ಬೋರ್ಡು ಹಿಡಿದು ಕೂತ. ಸ್ವಲ್ಪ ಹೊತ್ತು ಒಂದು ಕಣ್ಣು ಮುಚ್ಚಿ ನೋಡಿದ. ‘ಯಜಮಾನ್ರ, ಆ ಮಂಡಕ್ಕಿ ಗುಡ್ಡೆ ಬಲಕ್ಕಿಡ್ರಿ. ಎಡಕ್ಕ ಭಾರ ಆಗೈತೆ’ ಅಂದ. ಅವರು ತಮಾಷೆ ಅಂತ ನಕ್ಕು ಇಟ್ಟರು. ‘ಈಗ ಬಾಣ್ಲಿ ಒಂಚೂರು ಆ ಕಡೆ ಸರೀಲಿ’ ಅಂದ. ಕಾದ ಎಣ್ಣೆಯ ಬಾಣಲೆ! ಅವರು ಮಿರ್ಚಿ ಎತ್ತುವ ಜಾರ ಹಿಡಿದುಕೊಂಡು ಎದ್ದದ್ದು ನೋಡಿ ನಾನು ಮಿರ್ಚಿ ಪೊಟ್ಟಣದ ಸಮೇತ ಓಟ ಕಿತ್ತೆ.

ಮಿಲ್ಲಿನ ಪಾಳಿ ಬಿಡುವ ಹೊತ್ತಿಗೆ ಗೇಟಿನ ಮುಂದೆ ಎರಡೂ ಕೈ ಚಾಚಿ ನಿಂತದ್ದು ಇನ್ನೊಂದು ದಿನ. ‘ಅಣ್ಣಾರ, ನೀಲಿ ಅಂಗಿಯೋರು ಒಂಚೂರು ಹಿಂದೆ ಬರ್ರಿ, ಬಿಳಿ ಅಂಗಿಯೋರು ಮುಂದೆ ನಡೀರಿ!’ ದಿನವಿಡೀ ದುಡಿದು ಹಸಿದು ಬಂದ ಜನ. ಇವನ್ಯಾರೋ ಯೂನಿಯನ್ನಿನವನು, ಹರತಾಳ ಹೂಡುತ್ತಿದ್ದಾನೆ ಅಂತ ಕೆಲವರು ಜೈಕಾರ ಹಾಕಿದರು. ವಾಚ್‌ಮನ್ ಬಂದು ಕುತ್ತಿಗೆ ಪಟ್ಟಿ ಹಿಡಿದ. ‘ಬಣ್ಣ ಹೊಂದ್ತಿಲ್ರಿ, ಅದಕ್ಕ’ ಅಂತ ಇವನು ಎಷ್ಟು ವಿನಯದಿಂದ ಹೇಳಿದರೂ ಅವನಿಗೆ ಹಿಡಿಸಲಿಲ್ಲ.

ಹರಿಹರದ ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಹೀಗೇ ಹೇಳಲು ಹೋಗಿ, ಒದ್ದೆ ಸೀರೆಯ ಮುದ್ದೆ ಮುಖಕ್ಕೆ ಬಿತ್ತು. ನನಗೆ ನಗು ತಡೆಯಲಿಲ್ಲ. ಅವನು ಮುಖ ಒರೆಸಿಕೊಂಡು, ‘ನಗಬ್ಯಾಡ. ಆಯಮ್ಮ ಎಸೆಯೋವಾಗ ಎದ್ದು ನಿಂತ್ಲಲ್ಲ, ಈಗ ಬರೋಬ್ಬರಿ ಆತು’ ಅಂದು ಬರೆಯಲು ಕೂತ. ಆ ಚಿತ್ರವನ್ನು ಮೇಷ್ಟ್ರು ಗೋಡೆಗೆ ಹಾಕಿದರು. ಬೈದಂತೆ ಮಾಡಿ, ‘ಕಾಗದದ ಮೇಲೆ ಸರಿಸೋ ಮಾರಾಯ, ಯಾರೂ ಹೊಡೆಯಲ್ಲ’ ಅಂದರು. ಇವನು ತಲೆ ಕೆರೆದುಕೊಂಡ. ಅದೊಂದು ಅವನ ಕೈಲಿ ಆಗುತ್ತಿರಲಿಲ್ಲ.

ಪೇಚಿಗೆ ಸಿಕ್ಕಿಬಿದ್ದದ್ದು ಪರೀಕ್ಷೆಯಲ್ಲಿ. ಡ್ರಾಯಿಂಗ್ ಮಾಸ್ತರಾಗಬೇಕಾದರೆ ಸರ್ಕಾರಿ ಪರೀಕ್ಷೆ ಪಾಸಾಗಬೇಕು. ಎದುರಿಗೆ ಹೂಜಿ, ಹಣ್ಣು ಇಟ್ಟು ಬರೆಸುವ ಪತ್ರಿಕೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಾಂಪೊಸಿಷನ್ ಪತ್ರಿಕೆಯಲ್ಲಿ ಮಾತ್ರ ಎದುರಿಗೆ ಏನೂ ಇರುವುದಿಲ್ಲ. ವಿಷಯ ಕೊಡುತ್ತಾರೆ, ಮನಸ್ಸಿನಿಂದಲೇ ಬರೆಯಬೇಕು. ಆ ವರ್ಷ ಬಂದ ವಿಷಯ ‘ರಾಜನ ಆಸ್ಥಾನ’. ನಾನು ನರ್ತಕಿಯರು, ಚಾಮರ, ವಿದೂಷಕ, ಪಂಜರದ ಗಿಳಿ ಎಲ್ಲವನ್ನೂ ತುಂಬಿದೆ. ಅವನು ಇಡೀ ಸಮಯ ಕೂತು ಒಂದೇ ಒಂದು ಕಂಬ ಬರೆದು ಎದ್ದು ಬಂದ. ಹರಿಹರೇಶ್ವರ ಗುಡಿಯ ಕಂಬ, ಅದ್ಭುತವಾದ ಕಂಬ.

‘ರಾಜ ಎಲ್ಲೋ?’ ಅಂದೆ.

‘ರಾಜನ್ನ ನಾನು ಎಲ್ಲಿ ನೋಡೀನಿ? ಕಂಬ ನೋಡೀನಿ.’

ಫೇಲಾದ. ಮೇಷ್ಟ್ರಿಗೆ ಅವನಿಗಿಂತ ಹೆಚ್ಚು ದುಃಖವಾಯಿತು.

ಅವನಿಗೆ ದುಃಖ ಹತ್ತಿದ್ದು ಆಮೇಲೆ, ಹರಿಹರದಿಂದ ಸಂಬಂಧ ಬಂದಾಗ. ಹುಡುಗಿಯ ತಂದೆ ಕಾಳಿನ ವ್ಯಾಪಾರದವರು, ಸ್ವಲ್ಪ ಜಮೀನೂ ಇತ್ತು, ಮಿತಮಾತಿನ ಮನುಷ್ಯ. ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ ಜಾಗ ಖಾಲಿ ಇತ್ತು, ಪಾಸಾದವರು ಸಿಕ್ಕರೆ ತೆಗೆದುಕೊಳ್ಳುತ್ತೇವೆ ಅಂತ ಅಲ್ಲಿನವರು ಇವರಿಗೆ ಮಾತು ಕೊಟ್ಟಿದ್ದರು. ‘ಹುಡುಗ ಪಾಸಾಗ್ಲಿ, ಕೆಲಸ ಆಗ್ಲಿ, ಮಗಳನ್ನ ಕೊಡ್ತೀನಿ. ಇಲ್ಲಾಂದ್ರೆ ಇಲ್ಲ’ ಅಂದಿದ್ದರು. ಹುಡುಗಿಯ ಸೋದರಮಾವನಿಗೆ ಈ ಸಂಬಂಧ ಸುತರಾಂ ಇಷ್ಟವಿರಲಿಲ್ಲ. ರಾಣೆಬೆನ್ನೂರಿನಲ್ಲಿ ಅಂಗಡಿ ಇಟ್ಟ ಒಬ್ಬ ವರನನ್ನು ಅವರು ಮೊದಲೇ ಗೊತ್ತುಮಾಡಿ ಇಟ್ಟುಕೊಂಡಿದ್ದರು. ಮುಂದಿನ ಪರೀಕ್ಷೆಯಲ್ಲೂ ಇವನು ಕಂಬ ಬರೆದು ಬಂದರೆ ಹುಡುಗಿ ರಾಣೆಬೆನ್ನೂರಿಗೆ ಹೋಗುವುದು ಖಂಡಿತ.

ಆದರೂ ಹೆಣ್ಣು ನೋಡುವ ಶಾಸ್ತ್ರ ಮುಗಿಸಿಬಿಡೋಣ ಅಂತ ಕರೆ ಬಂತು. ಅವನಪ್ಪ, ಅವ್ವ, ಅವನು, ಜೊತೆಗೆ ಇಸ್ತ್ರಿ ಅಂಗಿ ತೊಟ್ಟ ನಾನು. ದೊಡ್ಡ ಪಡಸಾಲೆ. ಕೆಳಗೆ ಜಮಖಾನ, ಗೋಡೆಗುಂಟ ಕುರ್ಚಿಗಳು. ಕಿಟಕಿಯ ಹತ್ತಿರ ಎಲ್ಲಕ್ಕಿಂತ ದೊಡ್ಡ ಕುರ್ಚಿಯಲ್ಲಿ ಸೋದರಮಾವ. ಆ ಜಾಗ ಅವರದ್ದೇ, ಮನೆಯಲ್ಲಿ ಏನೇ ಶುಭಕಾರ್ಯವಿದ್ದರೂ ಅಲ್ಲಿ ಬೇರೆ ಯಾರೂ ಕೂರುವಂತಿರಲಿಲ್ಲ. ಆಳೂ ದೊಡ್ಡವರು, ರುಮಾಲು ಇನ್ನೂ ದೊಡ್ಡದು. ನಮ್ಮವನು ಕುರ್ಚಿಯ ತುದಿಯಲ್ಲಿ, ತನ್ನ ಆ ದೊಡ್ಡ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೂತಿದ್ದ. ಎದುರಿಗೆ ಕಂಬದ ಪಕ್ಕ ಹುಡುಗಿಯನ್ನು ತಂದು ಕೂರಿಸಿದರು. ತಲೆ ಪೂರ್ತಿ ಬಗ್ಗಿಸಿದ್ದಳು. ಕನಕಾಂಬರದ ದಂಡೆ ಬಿಟ್ಟರೆ ನನಗೇನೂ ಕಾಣಲಿಲ್ಲ.

ಅವಲಕ್ಕಿ ಬಂತು, ಚಹಾ ಬಂತು. ಮಳೆ, ಬೆಳೆ ಮಾತು ನಡೆದಿತ್ತು. ಅಷ್ಟರಲ್ಲಿ ನಮ್ಮವನ ಒಂದು ಕಣ್ಣು ಮೆಲ್ಲಗೆ ಮುಚ್ಚಿತು. ಅಯ್ಯೋ ಶಿವನೇ! ಆ ಕಣ್ಣು ಮುಚ್ಚಿತೆಂದರೆ ಮುಂದೇನಾಗುತ್ತದೆ ಅಂತ ಇಡೀ ದಾವಣಗೆರೆಗೆ ಗೊತ್ತಿತ್ತು. ಅವನ ತೊಡೆಯನ್ನು ಗಟ್ಟಿಯಾಗಿ ಚಿವುಟಿದೆ. ಗೊತ್ತೇ ಆಗಲಿಲ್ಲ ಅವನಿಗೆ. ಎದ್ದ. ಯಾರಿಗೂ ಬೆನ್ನು ಕೊಡದೆ ಹಿಂದಕ್ಕೆ ಹಿಂದಕ್ಕೆ ನಡೆದು ತಲಬಾಗಿಲ ಹತ್ತಿರ ಹೋಗಿ ನಿಂತ. ಹೆಬ್ಬೆರಳನ್ನು ಮುಂದೆ ಚಾಚಿ ಇಡೀ ಪಡಸಾಲೆಯನ್ನು ಅಳೆದ.

‘ಮಾವಾರ, ತಪ್ಪು ತಿಳೀಬ್ಯಾಡ್ರಿ. ಒಂಚೂರು ಆ ಕಡೆ ಸರೀರಿ. ಬೆಳಕು ಅಡ್ಡ ಆಗೈತೆ.’

ಅವನ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಜಾ ಅಂದರೆ, ಸೋದರಮಾವ ಸರಿದೇಬಿಟ್ಟರು! ಅವನ ದನಿಯಲ್ಲಿ ಅದೇನಿತ್ತೋ, ಕುರ್ಚಿ ಸಮೇತ ಎದ್ದು ಬದಿಗೆ ಹೋಗಿ ಕೂತರು. ಕೂತ ಮೇಲೆ ತಾವೇನು ಮಾಡಿದೆವು ಅಂತ ಹೊಳೆದು ಮುಖ ಕೆಂಪಾಯಿತು. ಅದೇ ಹೊತ್ತಿಗೆ ಹುಡುಗಿ ಕಿಸಕ್ಕನೆ ನಕ್ಕುಬಿಟ್ಟಳು, ಅದು ಸುಡುವ ಎಣ್ಣೆಗೆ ನೀರು ಸುರಿದಂತಾಯಿತು.

‘ಇಂವ ಹೆಣ್ಣು ನೋಡಾಕೆ ಬಂದಾನೋ, ಕುರ್ಚಿ ಜೋಡ್ಸಾಕೆ ಬಂದಾನೋ?’ ಅಂತ ಮಾವ ಗುಡುಗಿದರು. ‘ಹುಡುಗಿ ಕಡೆ ಕಣ್ಣೆತ್ತಿ ನೋಡಿಲ್ಲ ಇಂವ! ನೋಡಿದ್ದೆಲ್ಲ ಕುರ್ಚೀನೇ!’

ಹುಡುಗಿಯ ತಂದೆ ಮಾತ್ರ ಸಮಾಧಾನವಾಗಿ, ‘ಪಾಸಾಗ್ಲಿ, ನೋಡಾಣ’ ಅಂದರು. ವಾಪಸು ಬರುವಾಗ ಅವನಪ್ಪ ನಮ್ಮನ್ನು ಬಿಟ್ಟು ಬಿರಬಿರನೆ ಮುಂದೆ ನಡೆದರು. ನನಗೆ ತಡೆಯಲಾಗದೆ, ‘ಹೋಗ್ಲಿ, ಹುಡುಗಿ ಹೆಂಗಿದ್ಲೋ?’ ಅಂತ ಕೇಳಿದೆ. ‘ಮಾವಾರು ಸರಿದ ಮ್ಯಾಲೆ ಚಲೋ ಬಂತು’ ಅಂದ. ಮಾವ ಅಂದದ್ದೇ ಸರಿ, ಈ ಪ್ರಾಣಿ ಹುಡುಗಿಯನ್ನು ನೋಡಿಯೇ ಇಲ್ಲ ಅಂತ ನಾನೂ ಅಂದುಕೊಂಡೆ.

ಮುಂದಿನ ಪರೀಕ್ಷೆಯವರೆಗೆ ಅವನ ತಲೆಗೆ ಕಲ್ಪನೆ ತುಂಬುವ ಕೆಲಸ ನಾನು ಕೈಗೆತ್ತಿಕೊಂಡೆ. ಕೆರೆ ಏರಿಯ ಮೇಲೆ ಕೂರಿಸಿಕೊಂಡು, ‘ಕಣ್ಣು ಮುಚ್ಚು. ಒಂದು ಕಾಡು ಅಂದ್ಕೋ. ಒಬ್ಬ ಋಷಿ ಕೂತಿದಾನೆ’ ಅನ್ನುತ್ತಿದ್ದೆ. ‘ಯಾವ ಕಾಡು?’ ಅನ್ನುತ್ತಿದ್ದ. ‘ಯಾವುದೋ ಒಂದು.’ ‘ಯಾವ್ದೋ ಒಂದಂದ್ರೆ ಹೆಂಗೆ? ಮರ ಯಾವ್ದು? ಬೇವೋ, ಜಾಲಿಯೋ?’ ಋಷಿಯ ಗಡ್ಡದವರೆಗೆ ಒಂದು ದಿನವೂ ನಾವು ತಲುಪಲಿಲ್ಲ. ಒಮ್ಮೆ ಮಾತ್ರ, ಏರಿಯ ಕಲ್ಲಿನ ಮೇಲೆ ಕೂತು ಕಾಲು ಆಡಿಸುತ್ತ, ‘ಈ ಸಲ ಆಗ್ಲಿಲ್ಲಂದ್ರೆ ಆಯಮ್ಮ ರಾಣೆಬೆನ್ನೂರಿಗೆ ಹೋಗ್ತಾಳೆ ಅಲ್ಲೇನು?’ ಅಂದ. ಹೂಂ ಅಂದೆ. ಅವನ ಕಾಲು ಆಡುವುದು ನಿಂತಿತು.

ಪರೀಕ್ಷೆಯ ದಿನ ಬಂತು. ಕಾಂಪೊಸಿಷನ್ನಿಗೆ ಬಂದ ವಿಷಯ, ‘ಮನೆಯಲ್ಲಿ ಒಂದು ಶುಭ ಸಂದರ್ಭ’. ನನ್ನದೂ ಹಿಂದಿನ ವರ್ಷ ಅದೇ ಪತ್ರಿಕೆಯಲ್ಲಿ ಕೈಕೊಟ್ಟಿತ್ತು. ಈ ಸಲ ಬಿಡಬಾರದು ಅಂತ ತೊಟ್ಟಿಲು ಶಾಸ್ತ್ರ ಹಿಡಿದೆ. ತೊಟ್ಟಿಲು, ದೀಪ, ರಂಗೋಲಿ, ಮುತ್ತೈದೆಯರು, ಕಿಟಕಿಯಾಚೆ ಆಕಳು, ಕರು, ಜಾಗ ಉಳಿಯಿತು ಅಂತ ಒಂದು ನವಿಲು. ನಡುವೆ ತಿರುಗಿ ನೋಡಿದರೆ ಅವನು ಖಾಲಿ ಕಾಗದದ ಮುಂದೆ ಕಣ್ಣು ಮುಚ್ಚಿ ಕೂತಿದ್ದ. ಮುಗೀತು ಕಥೆ, ಮತ್ತೆ ಕಂಬ ಅಂದುಕೊಂಡೆ. ಅಷ್ಟರಲ್ಲಿ ಎದ್ದು ನಿಂತ. ಹಿಂದಕ್ಕೆ ಹಿಂದಕ್ಕೆ ನಡೆದು ಪರೀಕ್ಷೆಯ ಕೋಣೆಯ ಬಾಗಿಲಿಗೆ ಹೋದ.

‘ಏಯ್, ಎಲ್ಲಿಗಯ್ಯಾ?’ ಅಂತ ಮೇಲ್ವಿಚಾರಕರು ಗದರಿದರು.

‘ಎಲ್ಲಿಗೂ ಇಲ್ರಿ ಸರ್. ಬಾಗ್ಲದಾಗೆ ನಿಂತು ನೋಡ್ಬೇಕಾಗಿತ್ತು.’

ಒಂದು ಕಣ್ಣು ಮುಚ್ಚಿದ, ಹೆಬ್ಬೆರಳು ಚಾಚಿದ, ವಾಪಸು ಬಂದು ಕೂತ. ಆಮೇಲೆ ಗಂಟೆ ಬಾರಿಸುವವರೆಗೆ ತಲೆ ಎತ್ತಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಹಿಡಿದುಕೊಂಡೆ. ‘ಏನ್ ಬರೆದ್ಯೋ?’

‘ಹರಿಹರದ ಮನೆ. ಹೆಣ್ಣು ನೋಡಾಕೆ ಹೋಗಿದ್ದು.’

‘ಯಾರನ್ನೂ ಸರಿಸ್ಬೇಕು ಅನ್ನಿಸ್ಲಿಲ್ವಾ?’

‘ಎಲ್ರೂ ಅವರವರ ಜಾಗದಾಗೇ ಇದ್ರು. ಮಾವಾರನ್ನ ಅವತ್ತೇ ಸರ್ಸಿದ್ನಲ್ಲ.’

‘ನಿನ್ನನ್ನ ಎಲ್ಲಿ ಕೂರಿಸ್ದೆ?’

‘ನಾನಿಲ್ಲ. ನನ್ನ ಕುರ್ಚಿ ಖಾಲಿ ಐತೆ. ನಾನು ಎದ್ದು ಬಂದಿದ್ನಲ್ಲ.’

ಹಣೆ ಹಣೆ ಬಡಿದುಕೊಂಡೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡೇ ಇಲ್ಲ! ರಾಜನಿಲ್ಲದ ಆಸ್ಥಾನ ಆಯಿತು, ಈಗ ವರನಿಲ್ಲದ ಶಾಸ್ತ್ರ. ನೇರ ಮೇಷ್ಟ್ರ ಹತ್ತಿರ ಎಳೆದುಕೊಂಡು ಹೋದೆ. ಅವನು ಅಲ್ಲೇ ಸೀಮೆಸುಣ್ಣದಲ್ಲಿ ನೆಲದ ಮೇಲೆ ಮತ್ತೆ ಬರೆದು ತೋರಿಸಿದ. ಬದಿಗೆ ಸರಿದ ಮಾವ, ಒಬ್ಬರ ಮುಖ ಒಬ್ಬರು ನೋಡುವ ಹಿರಿಯರು, ಕಂಬದ ಪಕ್ಕ ಬೆಳಕಿನಲ್ಲಿ ಹುಡುಗಿ. ಅವಳು ಆಗಷ್ಟೇ ತಲೆ ಎತ್ತಿದ್ದಾಳೆ. ಅವಳ ಕಣ್ಣು ಎದುರಿನ ಕುರ್ಚಿಯ ಮೇಲಿದೆ. ಕುರ್ಚಿ ಖಾಲಿ.

ಮೇಷ್ಟ್ರು ಬಗ್ಗಿ ಒಂದೊಂದು ಗೆರೆಯನ್ನೂ ನೋಡಿದರು. ಆಮೇಲೆ, ನಾನು ಎಂದೂ ನೋಡಿರದಂತೆ, ಕೋಟು ಬಿಚ್ಚಿ ಮೇಜಿನ ಮೇಲೆ ಹಾಕಿದರು. ‘ಎಂಥ ಕಲ್ಪನೆಯಯ್ಯಾ! ತನ್ನ ಗಂಡ ಆಗೋನು ಎಂಥವನೋ ಏನೋ ಅಂತ ಹುಡುಗಿಗೆ ಗೊತ್ತಿಲ್ಲ. ಧೈರ್ಯ ಮಾಡಿ ನೋಡ್ತಾಳೆ, ಅಲ್ಲಿ ಏನೂ ಇಲ್ಲ. ಇದನ್ನೇ ತಾನೇ ನೀನು ಹೇಳಿದ್ದು?’

‘ಇಲ್ಲ ಸರ್. ಕುರ್ಚಿ ಖಾಲಿ ಇತ್ತು.’

ಇಲ್ಲಿ ನನ್ನದೊಂದು ಮಾತು ಹೇಳಿಬಿಡುತ್ತೇನೆ. ಕಲ್ಪನೆ ಅಂದರೆ ತಲೆಯೊಳಗಿಂದ ಏನೋ ತೆಗೆದು ಕಾಗದಕ್ಕೆ ಸುರಿಯುವುದು ಅಂತ ನಾನು ನಂಬಿಕೊಂಡಿದ್ದೆ. ಅವನಿಗೆ ಆ ರಗಳೆಯೇ ಇರಲಿಲ್ಲ. ಸರಿಯಾದ ಜಾಗದಲ್ಲಿ ನಿಂತು ನೋಡಿದರೆ ಹೇಳಬೇಕಾದ್ದು ಎದುರಿಗೇ ಇರುತ್ತದೆ ಅಂತ ಅವನ ಲೆಕ್ಕ. ಇದನ್ನು ನಾನು ಅವನಿಗೆ ವಿವರಿಸಿ ಹೇಳಿದಾಗ, ‘ನೀನು ಚಲೋ ಮಾತಾಡ್ತಿ ಬಿಡಪ್ಪ’ ಅಂದು ರೊಟ್ಟಿ ಮುರಿದ.

ಪಾಸಾದ, ಕಾಂಪೊಸಿಷನ್ನಿನಲ್ಲಿ ನಮ್ಮೆಲ್ಲರಿಗಿಂತ ಮೇಲೆ. ನಾನೂ ಪಾಸಾದೆ, ನವಿಲಿನ ದಯದಿಂದಲ್ಲ, ಅದಂತೂ ಖಂಡಿತ. ಹರಿಹರದ ಕೆಲಸ ಸಿಕ್ಕಿತು, ಮದುವೆಯಾಯಿತು. ಸೋದರಮಾವ ಬಂದರು, ಮುಖ ಬಿಗಿದುಕೊಂಡೇ ಅಕ್ಷತೆ ಹಾಕಿದರು. ಫೋಟೋದವನು ‘ಸರೀರಿ’ ಅಂದಾಗ ಮಾತ್ರ ಮದುಮಗನ ಕಡೆ ದುರುಗುಟ್ಟಿ ನೋಡಿದರು. ನಾನು ಕೊನೆಗೆ ಅಪ್ಪನ ಅಂಗಡಿಗೇ ವಾಪಸು ಬಂದೆ. ಬೋರ್ಡು ನಾನೇ ಬರೆದೆ, ಅದರಲ್ಲೂ ಎರಡು ಆನೆ ಇದ್ದವು.

ಪರೀಕ್ಷೆಗೆ ಬರೆದ ಕಾಗದ ವಾಪಸು ಬರುವುದಿಲ್ಲ. ಹಾಗಾಗಿ ಅದೇ ಚಿತ್ರವನ್ನು ಅವನು ಮತ್ತೆ ಬರೆದು, ಕಟ್ಟು ಹಾಕಿಸಿ, ಹೊಸ ಮನೆಯಲ್ಲಿ ತಲಬಾಗಿಲ ಎದುರಿನ ಗೋಡೆಗೆ ತೂಗುಹಾಕಿದ. ಹೆಂಡತಿ ಬೇರೆ ಗೋಡೆಗೆ ಹಾಕೋಣ ಅಂದರೆ ಒಪ್ಪಲಿಲ್ಲ. ಮೊದಲ ಸಲ ನೋಡಿದಾಗ ನಾನೇ ಒಂದು ತಪ್ಪು ಹಿಡಿದೆ. ಹುಡುಗಿಯ ಎಡಗಿವಿಯ ಜುಮುಕಿ ಕೆಳಗೆ ಇಳಿಬೀಳುವ ಬದಲು ಮೇಲಕ್ಕೆ ತಿರುಗಿತ್ತು. ‘ಏನಲೇ, ಗಾಳಿ ಬೀಸಿತ್ತೇನು? ಜುಮುಕಿ ಮ್ಯಾಲಕ್ಕ ಹಾರೈತೆ’ ಅಂದೆ. ‘ನೋಡಿದ್ದು ಬರ್ದೀನಿ’ ಅಂದ. ಒಳಗಿನಿಂದ ಆಯಮ್ಮ, ‘ಏನು ನೋಡ್ಯಾರೆ ಬಿಡ್ರಿ ಅಣ್ಣಾರ! ಹೆಣ್ಣು ನೋಡಾಕೆ ಬಂದು ಕುರ್ಚಿ ನೋಡಿ ಹೋದೋರು’ ಅಂದರು.

ಈ ಮಾತನ್ನು ಆಮೇಲೆ ನಾನು ಆ ಮನೆಗೆ ಹೋದಾಗಲೆಲ್ಲ ಕೇಳಿದ್ದೇನೆ. ಮಕ್ಕಳ ಮುಂದೆ, ಬೀಗರ ಮುಂದೆ, ಮೊಮ್ಮಕ್ಕಳ ಮುಂದೆ. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಆಯಮ್ಮನ ನಗುವಿನ ಕೆಳಗೆ ಒಂದು ಸಣ್ಣ ಮುಳ್ಳಿತ್ತು, ಅದು ನನಗೆ ಗೊತ್ತಾಗುತ್ತಿತ್ತು. ಒಮ್ಮೆ ಅವನಿಲ್ಲದಾಗ, ‘ನಾನು ಅವತ್ತು ಎಷ್ಟು ಧೈರ್ಯ ಮಾಡಿ ತಲೆ ಎತ್ತಿದ್ದೆ ಗೊತ್ತೇನ್ರಿ? ನೋಡಿದ್ರೆ ಕುರ್ಚಿ ಖಾಲಿ! ಆ ಖಾಲಿ ಕುರ್ಚೀನೇ ಬರ್ದು ಗ್ವಾಡಿಗೆ ಹಾಕ್ಯಾರೆ. ನಿಮ್ಮನ್ನ ಅದರಾಗೆ ಕೂಡ್ರಿಸ್ಕೊಳ್ರಿ ಅಂದ್ರೆ ಕೇಳವಲ್ರು’ ಅಂದಿದ್ದರು. ಅವನಿಗೆ ಹೇಳಿದೆ. ‘ನಾನು ಅಲ್ಲಿರ್ಲಿಲ್ಲ’ ಅಂದ, ಅಷ್ಟೇ.

ಮಾತಾಡಿಸಿಕೊಂಡು ಬರಲು ಹೋದ ವಾರ ಹರಿಹರಕ್ಕೆ ಹೋಗಿದ್ದೆ. ದಿನಕರ್ಮಗಳೆಲ್ಲ ಮುಗಿದು ಮನೆ ಸ್ವಲ್ಪ ಖಾಲಿಯಾಗಿತ್ತು. ಆಯಮ್ಮ ಚಿತ್ರದ ಕೆಳಗೆ ಗೋಡೆಗೆ ಒರಗಿ ಕೂತಿದ್ದರು. ಸ್ವಲ್ಪ ಹೊತ್ತು ಅದೂ ಇದೂ ಆಯಿತು. ಆಮೇಲೆ ಒಳಗೆ ಹೋಗಿ ಅವನ ಪೆನ್ಸಿಲ್ ಡಬ್ಬಿ ತಂದು ನನ್ನ ಮುಂದಿಟ್ಟರು.

‘ಅಣ್ಣಾರ, ಅವತ್ತು ನೀವೂ ಇದ್ರಿ. ಆ ಕುರ್ಚ್ಯಾಗೆ ಅವರು ಹೆಂಗೆ ಕುಂತಿದ್ರು ಅಂತ ನೀವು ನೋಡೀರಿ. ನೀವಾದ್ರೂ ಅವರನ್ನ ಅಲ್ಲಿ ಕೂಡ್ರಿಸಿಕೊಡ್ರಿ. ನನಗೆ ಆ ಖಾಲಿ ಕುರ್ಚಿ ನೋಡಾಕೆ ಆಗವಲ್ದು.’

ಪೆನ್ಸಿಲ್ ತೆಗೆದುಕೊಂಡು ಎದ್ದೆ. ಕುರ್ಚಿಯ ತುದಿ, ತೊಡೆಯ ಕೆಳಗೆ ಬಚ್ಚಿಟ್ಟ ಕೈ, ಎಲ್ಲ ನೆನಪಿತ್ತು. ಎಲ್ಲಿಂದ ಶುರು ಮಾಡಲಿ ಅಂತ ನೋಡಲು, ಹಳೆಯ ಅಭ್ಯಾಸದಂತೆ, ಹಿಂದಕ್ಕೆ ಹಿಂದಕ್ಕೆ ನಡೆದು ತಲಬಾಗಿಲಿಗೆ ಹೋಗಿ ನಿಂತೆ. ನಿಂತು ತಲೆ ಎತ್ತಿದೆ. ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡೆ.

‘ಅಕ್ಕಾರ, ಇಲ್ಲಿ ಬರ್ರಿ. ನಾನು ನಿಂತಲ್ಲಿ ನಿಂತ್ಕೊಳ್ರಿ.’

ಬಂದು ನಿಂತರು. ಅಷ್ಟು ವರ್ಷ ಆ ಚಿತ್ರದ ಕೆಳಗೆ ಕಸ ಗುಡಿಸಿದ್ದರು, ದೂಳು ಒರೆಸಿದ್ದರು. ಬಾಗಿಲಲ್ಲಿ ನಿಂತು ಅದನ್ನು ನೋಡಿದ್ದು ಬಹುಶಃ ಅದೇ ಮೊದಲು. ಇಲ್ಲಿಂದ ನೋಡಿದರೆ ಕುರ್ಚಿಗಳು, ಹಿರಿಯರು, ಮಾವನ ರುಮಾಲು ಎಲ್ಲ ತೆಳು ಗೆರೆಗಳು. ಗಟ್ಟಿಯಾಗಿ, ಪೂರ್ತಿಯಾಗಿ ಬರೆದದ್ದು ಒಂದೇ ಒಂದು, ಬೆಳಕು ಬಿದ್ದ ಆ ಹುಡುಗಿಯ ಮುಖ.

‘ಅವನು ಎದ್ದು ಬಂದು ನಿಂತಿದ್ದು ಇಲ್ಲಿ’ ಅಂದೆ. ‘ನೀವು ಕುರ್ಚಿ ಕಡೆ ನೋಡ್ತಿದ್ರಿ. ಅವನು ಇಲ್ಲಿಂದ ನಿಮ್ಮನ್ನ ನೋಡ್ತಿದ್ದ. ಮಾವಾರನ್ನ ಸರಿಸಿದ್ದು ನಿಮ್ಮ ಮುಖದ ಮ್ಯಾಲೆ ಬೆಳಕು ಬೀಳ್ಲಿ ಅಂತ.’

ಆಯಮ್ಮ ಕಣ್ಣು ಕಿರಿದು ಮಾಡಿ ಚಿತ್ರ ನೋಡಿದರು. ಕೈ ತಾನಾಗಿಯೇ ಎಡಗಿವಿಗೆ ಹೋಯಿತು.

‘ಜುಮುಕಿ’ ಅಂದರು. ‘ಅವತ್ತು ಎಲ್ರೂ ಹೋದ ಮ್ಯಾಲೆ ನಮ್ಮವ್ವ ಬೈದಿದ್ಲು. ಜುಮುಕಿ ಕೂದ್ಲಿಗೆ ಸಿಕ್ಕೊಂಡು ಮ್ಯಾಲಕ್ಕ ನಿಂತೈತೆ, ಅಷ್ಟು ಮಂದಿ ಎದುರಿಗೆ ಹಂಗೇ ಕುಂತಿದ್ದೀಯಲ್ಲೇ ಅಂತ. ಯಾರೂ ನೋಡಿಲ್ಲ ಬಿಡವ್ವ ಅಂದಿದ್ದೆ. ಮರ್ತೇ ಹೋಗಿತ್ತು ಅಣ್ಣಾರ. ಇಷ್ಟು ವರ್ಷ, ಇವರಿಗೆ ಜುಮುಕಿ ಬರ್ಯಾಕೆ ಬರಲ್ಲ ಅಂತ ಆಡ್ಕೊಂಡು ನಕ್ಕೀನಿ.’

ಕಣ್ಣು ತುಂಬಿಕೊಂಡಿತ್ತು, ಮುಖದಲ್ಲಿ ನಗು ಇತ್ತು. ಅಷ್ಟರಲ್ಲಿ ರಾಣೆಬೆನ್ನೂರಿನ ಕಡೆಯ ನೆಂಟರೊಬ್ಬರು ಮಾತಾಡಿಸಲು ಬಂದರು. ಒಳ್ಳೆಯ ದಪ್ಪ ಆಳು, ನಮ್ಮ ಬೆನ್ನ ಹಿಂದೆ ತಲಬಾಗಿಲ ತುಂಬ ನಿಂತು ಕೈಮುಗಿದರು, ಚಿತ್ರದ ಮೇಲಿನ ಬೆಳಕು ಹೋಯಿತು. ಆಯಮ್ಮ ಹಿಂದಕ್ಕೆ ತಿರುಗಿ ಕೂಡ ನೋಡಲಿಲ್ಲ.

‘ತಪ್ಪು ತಿಳೀಬ್ಯಾಡ್ರಿ’ ಅಂದರು. ‘ಒಂಚೂರು ಆ ಕಡೆ ಸರೀರಿ. ಬೆಳಕು ಅಡ್ಡ ಆಗೈತೆ.’